ಶೆಡ್‌ನ ಬೋಲ್ಟ್ ಎಷ್ಟು ಬಿಗಿ ಇರಬೇಕು? ಬೋಲ್ಟ್ ಬದಲು ವೆಲ್ಡ್ ಮಾಡಿದರೆ ನಡೆಯುತ್ತಾ?

ನಿಮ್ಮ ಪ್ರಶ್ನೆ ಓದಿದೆ. ನಿಮ್ಮ ಶೆಡ್‌ನಲ್ಲಿ ಕಾಲಮ್‌ಗೆ (ಕಂಬಕ್ಕೆ) ರಾಫ್ಟರ್ (ಮಾಡು ಹೊರುವ ಓರೆ ಬೀಮ್) ಸೇರುವ ಕಡೆ 20 ಮಿ.ಮೀ. ಎಂಡ್ ಪ್ಲೇಟ್ (ರಾಫ್ಟರ್ ತುದಿಗೆ ಸೇರಿಸಿದ ಪ್ಲೇಟ್), ಒಂದೊಂದು ಜಾಯಿಂಟ್‌ಗೆ ಎಂಟು ಎಂ20 (20 ಮಿ.ಮೀ. ವ್ಯಾಸದ) ಬೋಲ್ಟ್, ಗ್ರೇಡ್ 8.8. ಕೆಲವು ತೂತು ಕೂಡುತ್ತಿಲ್ಲ. ಅದಕ್ಕೆ ಫ್ಯಾಬ್ರಿಕೇಟರ್ "ಬೋಲ್ಟ್ ಯಾಕೆ, ಪ್ಲೇಟ್ ಸುತ್ತ ಇಲ್ಲೇ ವೆಲ್ಡ್ ಹೊಡೆದುಬಿಡ್ತೀನಿ, ಇನ್ನೂ ಗಟ್ಟಿ" ಅಂದಿದ್ದಾರೆ. ಬೋಲ್ಟೇ ಹಾಕಿದರೆ ಎಷ್ಟು ಬಿಗಿ ಮಾಡಬೇಕು, ಅದನ್ನು ಚೆಕ್ ಮಾಡೋದು ಹೇಗೆ, ಒಮ್ಮೆ ಬಿಚ್ಚಿದ ಬೋಲ್ಟ್ ಮತ್ತೆ ಹಾಕಬಹುದಾ ಅಂತ ಕೇಳಿದ್ದೀರಿ.

ನಾನು ಸ್ಟೀಲ್ ಡಿಸೈನ್ ಮಾಡುತ್ತೇನೆ. ಸೈಟಿಗೆ ಹೋಗಿ ಜಾಯಿಂಟ್ ನೋಡುವುದೂ ನನ್ನ ಕೆಲಸವೇ. ನೇರವಾಗಿ ಹೇಳಿಬಿಡುತ್ತೇನೆ: ಡಿಸೈನ್ ಮಾಡಿದ ಎಂಜಿನಿಯರ್ ಮತ್ತೆ ಲೆಕ್ಕ ಹಾಕಿ, ಹೊಸ ಡ್ರಾಯಿಂಗ್‌ಗೆ ಸಹಿ ಹಾಕಿ ಕೊಡುವವರೆಗೆ ಆ ವೆಲ್ಡ್ ಮಾಡಿಸಬೇಡಿ. ವೆಲ್ಡ್ ಕೆಟ್ಟದ್ದು ಅಂತಲ್ಲ. ಬೋಲ್ಟ್ ಅಂತ ಯೋಚಿಸಿ ಮಾಡಿದ ಜಾಯಿಂಟನ್ನು ವೆಲ್ಡ್ ಮಾಡಿದರೆ ಅದು ಬೇರೆಯದೇ ಜಾಯಿಂಟ್ ಆಗುತ್ತದೆ.

ಮಾಡಿನ ಭಾರ ಬಿದ್ದಾಗ ಆ ಮೂಲೆಯಲ್ಲಿ ಏನಾಗುತ್ತದೆ ನೋಡಿ. ರಾಫ್ಟರ್ ಕೆಳಗೆ ಬಗ್ಗಲು ನೋಡುತ್ತದೆ, ಅದರ ಮೇಲಿನ ಫ್ಲೇಂಜ್ (ಬೀಮ್‌ನ ಅಗಲವಾದ ಪಟ್ಟಿ) ಕಾಲಮ್‌ನಿಂದ ಕಿತ್ತುಕೊಂಡು ಬರಲು ನೋಡುತ್ತದೆ, ಕೆಳಗಿನದು ಒತ್ತಿಕೊಳ್ಳುತ್ತದೆ. ಮೇಲಿನ ಸಾಲಿನ ಬೋಲ್ಟ್‌ಗಳೇ ಆ ಎಳೆತ ಹಿಡಿಯುವುದು. ಜೋರು ಗಾಳಿ ಶೀಟನ್ನು ಮೇಲಕ್ಕೆ ಎತ್ತಿದರೆ ಎಲ್ಲ ಉಲ್ಟಾ, ಆಗ ಕೆಳಗಿನ ಸಾಲಿಗೆ ಎಳೆತ. ಬೋಲ್ಟ್‌ಗಳು ಫ್ಲೇಂಜ್‌ನ ಅಕ್ಕಪಕ್ಕದಲ್ಲೇ ಇರುವುದರಿಂದ ಬಲ ನೇರವಾಗಿ ದಾಟುತ್ತದೆ. ಅದೇ ಪ್ಲೇಟಿನ ಅಂಚಿಗೆ ವೆಲ್ಡ್ ಹಾಕಿದರೆ ಬಲ ಫ್ಲೇಂಜ್‌ನಿಂದ ಅಂಚಿನವರೆಗೆ ಪ್ಲೇಟನ್ನು ಬಗ್ಗಿಸಿಕೊಂಡು ಹೋಗಬೇಕು, ಅಲ್ಲಿ ವೆಲ್ಡ್‌ನ ಬುಡ ಬಾಯಿ ಬಿಡಲು ಶುರುವಾಗುತ್ತದೆ. ಹೊರಗಿನಿಂದ ನೋಡಿದರೆ ವೆಲ್ಡ್ ಬಹಳ ಚೆನ್ನಾಗಿಯೇ ಕಾಣುತ್ತಿರುತ್ತದೆ.

ಇನ್ನೊಂದು ವಿಷಯ. ಸ್ಟೀಲ್ ಡಿಸೈನಿಗೆ ನಮ್ಮ ದೇಶದ ನಿಯಮಪುಸ್ತಕವಾದ ಐಎಸ್ 800:2007 ಕೋಡ್ ಸೈಟ್ ವೆಲ್ಡನ್ನು ಶಾಪ್ (ವರ್ಕ್‌ಶಾಪ್) ವೆಲ್ಡ್‌ನಷ್ಟು ನಂಬುವುದಿಲ್ಲ. ವೆಲ್ಡಿನ ಶಕ್ತಿಯನ್ನು ಭಾಗಿಸುವ ಸುರಕ್ಷತಾ ಗುಣಾಂಕ ಶಾಪ್‌ನಲ್ಲಿ ಮಾಡಿದ್ದಕ್ಕೆ 1.25, ಸೈಟ್‌ನಲ್ಲಿ ಮಾಡಿದ್ದಕ್ಕೆ 1.5. ಸಾಮಾನ್ಯ 410 ಎಂಪಿಎ (ಚದರ ಮಿ.ಮೀ.ಗೆ 410 ನ್ಯೂಟನ್) ಸ್ಟೀಲ್‌ಗೆ 6 ಮಿ.ಮೀ. ಫಿಲೆಟ್ ವೆಲ್ಡ್ (ಮೂಲೆಗೆ ತುಂಬುವ ವೆಲ್ಡ್) 100 ಮಿ.ಮೀ. ಉದ್ದ ಹಾಕಿದರೆ ಶಾಪ್‌ನಲ್ಲಿ ಸುಮಾರು 79 ಕಿಲೋನ್ಯೂಟನ್ (ಒಂದು ಕಿಲೋನ್ಯೂಟನ್ ಅಂದರೆ ಸುಮಾರು 100 ಕೆಜಿ ತೂಕದಷ್ಟು ಬಲ) ಲೆಕ್ಕಕ್ಕೆ ಸಿಗುತ್ತದೆ, ಸೈಟ್‌ನಲ್ಲಿ 66. ಎತ್ತರದಲ್ಲಿ, ಗಾಳಿಯಲ್ಲಿ, ತಲೆ ಮೇಲೆ ಕೈಯೆತ್ತಿಕೊಂಡು, ತೇವ ಹಿಡಿದ ರಾಡ್‌ನಲ್ಲಿ ಮಾಡುವ ವೆಲ್ಡ್ ಅಲ್ವಾ, ಕೋಡ್ ಹಾಗೆ ಹೇಳುವುದರಲ್ಲಿ ಅರ್ಥ ಇದೆ.

"ಬೋಲ್ಟೂ ಇರಲಿ, ಮೇಲೆ ವೆಲ್ಡೂ ಇರಲಿ, ಡಬಲ್ ಸೇಫ್" ಅಂತಲೂ ಹೇಳುತ್ತಾರೆ. ಅದು ಆಗಲ್ಲ. 20 ಮಿ.ಮೀ. ಬೋಲ್ಟಿಗೆ ತೂತು 22 ಮಿ.ಮೀ. ಪಕ್ಕಕ್ಕೆ ಜರುಗುವ ಬಲ ಬಂದರೆ ಬೋಲ್ಟ್ ಆ ಸಂದಿನಲ್ಲಿ ಸ್ವಲ್ಪ ಸರಿದು ತೂತಿನ ಗೋಡೆಗೆ ತಾಗಿದ ಮೇಲೇ ಕೆಲಸ ಶುರು ಮಾಡುವುದು. ವೆಲ್ಡ್ ಅಷ್ಟು ಸರಿಯಲು ಬಿಡುವುದೇ ಇಲ್ಲ. ಮೊದಲು ಪೂರ್ತಿ ಭಾರ ವೆಲ್ಡ್ ಮೇಲೆ, ಅದು ಬಿಟ್ಟ ಮೇಲೆ ಪೂರ್ತಿ ಭಾರ ಬೋಲ್ಟ್ ಮೇಲೆ. ಇಬ್ಬರೂ ಸೇರಿ ಹೊರುವುದಿಲ್ಲ.

ಇದಕ್ಕಿಂತ ನನಗೆ ಜಾಸ್ತಿ ಸಿಟ್ಟು ಬರುವುದು ನಟ್ ಸಡಿಲ ಆಗದಿರಲಿ ಅಂತ, ಇಲ್ಲ ಕಳ್ಳರು ಬಿಚ್ಚದಿರಲಿ ಅಂತ, ನಟ್‌ಗೂ ಬೋಲ್ಟ್‌ಗೂ ಸೇರಿಸಿ ಒಂದು ಟ್ಯಾಕ್ (ಚುಕ್ಕೆಯಷ್ಟು ವೆಲ್ಡ್) ಹೊಡೆಯುವುದು ಕಂಡಾಗ. ಬೆಂಗಳೂರಿನ ಸುತ್ತಮುತ್ತ ಇಂಥ ಶೆಡ್ ಬೇಕಾದಷ್ಟು ನೋಡಿದ್ದೇನೆ. 8.8 ಬೋಲ್ಟಿನ ಶಕ್ತಿ ಬರುವುದೇ ಅದನ್ನು ಕಾಯಿಸಿ, ತಣಿಸಿ, ಮತ್ತೆ ಹದ ಮಾಡಿದ್ದರಿಂದ. ಅದರ ಮೇಲೆ ಆರ್ಕ್ ಹೊಡೆದರೆ ಆ ಜಾಗದಲ್ಲಿ ಹದ ಕೆಡುತ್ತದೆ, ಗಡುಸಾಗಿ ಬಿರುಕು ಬಿಡಲೂಬಹುದು. ನಿಮ್ಮ ಸೈಟ್‌ನಲ್ಲಿ ಖಂಡಿತ ಬಿಡಬೇಡಿ.

ಸೈಟ್‌ನಲ್ಲಿ ಜಾಯಿಂಟ್ ಬದಲಾಯಿಸುವುದಕ್ಕೆ ನಾನು ಇಷ್ಟು ಹೆದರುವುದಕ್ಕೆ ಕಾರಣ ಇದೆ. ಅಮೆರಿಕದ ಕ್ಯಾನ್ಸಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲ್‌ನಲ್ಲಿ 1981ರ ಜುಲೈ 17ರಂದು ತೂಗುಹಾಕಿದ್ದ ಎರಡು ನಡೆದಾರಿ ಕುಸಿದು 114 ಜನ ಸತ್ತರು. ಮೂಲ ಡ್ರಾಯಿಂಗ್‌ನಲ್ಲಿ ಮೇಲ್ಛಾವಣಿಯಿಂದ ಒಂದೇ ರಾಡ್ ಇಳಿದು, ನಾಲ್ಕನೇ ಮಹಡಿಯ ದಾರಿಯನ್ನೂ ಅದರ ಕೆಳಗಿದ್ದ ಎರಡನೇ ಮಹಡಿಯದನ್ನೂ ಹಿಡಿಯಬೇಕಿತ್ತು. ಅಷ್ಟುದ್ದ ರಾಡ್‌ಗೆ ಥ್ರೆಡ್ ಮಾಡುವುದು ಕಷ್ಟ ಅಂತ ಅದನ್ನು ಎರಡು ತುಂಡು ಮಾಡಿದರು: ಒಂದು ಛಾವಣಿಯಿಂದ ಮೇಲಿನ ದಾರಿಗೆ, ಇನ್ನೊಂದು ಮೇಲಿನ ದಾರಿಯ ಬೀಮ್‌ನಿಂದ ಕೆಳಗಿನ ದಾರಿಗೆ. ನೋಡಲು ಸಣ್ಣ ಬದಲಾವಣೆ. ಆದರೆ ಮೇಲಿನ ಬೀಮ್ ಅಡಿಯ ನಟ್ ಮೊದಲು ತನ್ನ ದಾರಿಯದಷ್ಟೇ ಭಾರ ಹೊರಬೇಕಿತ್ತು, ಈಗ ಎರಡರದೂ ಅದರ ಮೇಲೆ. ನಟ್ ಬೀಮ್ ಒಳಗಿಂದ ತೂರಿಕೊಂಡೇ ಹೋಯಿತು. ಮೂಲ ಜಾಯಿಂಟ್ ಕೂಡ ಕೋಡ್ ಕೇಳುವಷ್ಟು ಗಟ್ಟಿ ಇರಲಿಲ್ಲ ಅಂತ ತನಿಖೆಯಲ್ಲಿ ಗೊತ್ತಾಯಿತು, ಬದಲಾವಣೆ ಅದನ್ನು ಇನ್ನೂ ಹಾಳು ಮಾಡಿತು.

ಈಗ ಬಿಗಿಯ ವಿಷಯ. 8.8ರಲ್ಲಿ ಮೊದಲ 8 ಅಂದರೆ ಬೋಲ್ಟ್ ತುಂಡಾಗುವ ಶಕ್ತಿ 800 ಎಂಪಿಎ, .8 ಅಂದರೆ ಅದರ ನೂರಕ್ಕೆ 80 ಭಾಗಕ್ಕೆ, ಅಂದರೆ 640ಕ್ಕೆ, ಅದು ಶಾಶ್ವತವಾಗಿ ಹಿಗ್ಗಲು ಶುರು. ಎಂ20ಕ್ಕೆ ಥ್ರೆಡ್ ಇರುವ ಕಡೆ ಲೆಕ್ಕಕ್ಕೆ ಸಿಗುವ ವಿಸ್ತೀರ್ಣ 245 ಚದರ ಮಿ.ಮೀ. ಕೋಡ್ ಪ್ರಕಾರ ಅದನ್ನು ಎಳೆತಕ್ಕೆ 141 ಕಿಲೋನ್ಯೂಟನ್‌ವರೆಗೆ, ಪಕ್ಕಕ್ಕೆ ಕತ್ತರಿಸುವ ಬಲಕ್ಕೆ ಸುಮಾರು 90ರವರೆಗೆ ನಂಬಬಹುದು. ಬಿಗಿ ಎಷ್ಟು ಅನ್ನುವುದು ಆ ಬೋಲ್ಟ್‌ನಿಂದ ಡಿಸೈನರ್ ಯಾವ ಕೆಲಸ ಕೇಳಿದ್ದಾರೆ ಅನ್ನುವುದರ ಮೇಲೆ ಹೋಗುತ್ತದೆ. ಸುಮ್ನೆ ತೂತಿಗೆ ತಾಗಿ ಭಾರ ಹೊರುವ ಬೋಲ್ಟ್ ಆದರೆ ಒಬ್ಬ ಮನುಷ್ಯ ಸಾಮಾನ್ಯ ಪಾನಾ ಹಿಡಿದು ಪೂರ್ತಿ ಬಲ ಹಾಕಿದಷ್ಟು ಬಿಗಿ ಸಾಕು. ಪ್ಲೇಟ್‌ಗಳು ಒಂದಕ್ಕೊಂದು ಅಂಟಿ ಕೂತಿರಬೇಕು, ಅಷ್ಟೇ. ಕ್ರೇನ್ ಓಡುವ ಶೆಡ್, ಅದುರುವ ಮೆಷಿನ್, ಬಲ ಹಿಂದೆ ಮುಂದೆ ಬದಲಾಗುವ ಕಡೆ ಆದರೆ ಬೋಲ್ಟನ್ನು ಎಳೆದು ಬಿಗಿ ಮಾಡಲೇಬೇಕು.

ಹಾಗೆ ಬಿಗಿ ಮಾಡಿದಾಗ ಬೋಲ್ಟ್ ಒಳಗೆ ಎಳೆತ ಇರುತ್ತದೆ, ಅದು ಪ್ಲೇಟ್‌ಗಳನ್ನು ಒತ್ತಿ ಹಿಡಿಯುತ್ತದೆ. ಪಕ್ಕಕ್ಕೆ ಬರುವ ಬಲವನ್ನು ಹೊರುವುದು ಪ್ಲೇಟ್‌ಗಳ ನಡುವಿನ ಘರ್ಷಣೆ. ಎರಡು ಅಂಗೈ ನಡುವೆ ಪುಸ್ತಕಗಳ ಸಾಲನ್ನು ಒತ್ತಿ ಎತ್ತಿದ ಹಾಗೆ. ಎಂ20 8.8 ಬೋಲ್ಟಿಗೆ ಈ ಎಳೆತ 137 ಕಿಲೋನ್ಯೂಟನ್ ಇರಬೇಕು. ಇಲ್ಲೇ ಬಣ್ಣದ ವಿಷಯ ಬರುವುದು. ಶಾಟ್ ಬ್ಲಾಸ್ಟ್ ಮಾಡಿದ (ಸಣ್ಣ ಲೋಹದ ಗುಂಡು ಚಿಮ್ಮಿಸಿ ಶುಚಿ ಮಾಡಿದ) ಮೇಲ್ಮೈಗೆ ಕೋಡ್ 0.5 ಘರ್ಷಣೆ ಕೊಡುತ್ತದೆ, ಒಂದು ಬೋಲ್ಟ್‌ಗೆ ಒಂದು ಮೇಲ್ಮೈಯಲ್ಲಿ ಸುಮಾರು 55 ಕಿಲೋನ್ಯೂಟನ್ ಸಿಗುತ್ತದೆ. ಅದೇ ಮೇಲ್ಮೈಗೆ ರೆಡ್ ಲೆಡ್ (ತುಕ್ಕು ತಡೆಯುವ ಸೀಸದ ಕೆಂಪು ಬಣ್ಣ) ಬಳಿದರೆ 0.1, ಸಿಗುವುದು 11. ಬೋಲ್ಟ್ ಅದೇ, ಬಿಗಿ ಅದೇ, ಐದರಲ್ಲಿ ಒಂದು ಭಾಗ ಉಳಿಯಿತು. ಈಗಿನ ರೆಡ್ ಆಕ್ಸೈಡ್ ಬೇರೆ ಬಣ್ಣ, ಆದರೂ ಟೆಸ್ಟ್ ರಿಪೋರ್ಟ್ ಇಲ್ಲದೆ ಅದನ್ನು ಇದಕ್ಕಿಂತ ಜಾಸ್ತಿ ನಾನು ನಂಬುವುದಿಲ್ಲ. ಹೊಸ ಬಣ್ಣಕ್ಕೆ ಟೆಸ್ಟ್ ಮಾಡುವುದು ಹೀಗೆ: ಅದೇ ಬಣ್ಣ ಬಳಿದ ಪ್ಲೇಟ್‌ಗಳನ್ನು ಬೋಲ್ಟ್ ಹಾಕಿ ಸೇರಿಸಿ, ಮೆಷಿನ್‌ನಲ್ಲಿ ನಿಧಾನವಾಗಿ ಎಳೆದು, ಪ್ಲೇಟ್ ಜರುಗುವುದನ್ನು ಅಳೆಯುತ್ತಾರೆ. ಯುರೋಪಿನ ನಿಯಮದಲ್ಲಿ 0.15 ಮಿ.ಮೀ. ಜರುಗಿದರೆ ಅಲ್ಲಿಗೆ ಜಾರಿತು ಅಂತ ಲೆಕ್ಕ.

ಟಾರ್ಕ್ ರೆಂಚ್ (ಎಷ್ಟು ಬಲದಲ್ಲಿ ತಿರುಗಿಸಿದೆ ಅಂತ ಅಳೆಯುವ ಪಾನಾ) ಒಂದಿದ್ದರೆ ಸಾಕು ಅನ್ನುವವರ ಮಾತು ಪೂರ್ತಿ ನಂಬಬೇಡಿ. ನೀವು ಹಾಕುವ ಬಲದಲ್ಲಿ ಬಹುಪಾಲು ಥ್ರೆಡ್ ಮತ್ತು ವಾಷರ್‌ನ ಉಜ್ಜಾಟಕ್ಕೇ ಹೋಗುತ್ತದೆ, ಬೋಲ್ಟ್ ಎಳೆಯಲು ಉಳಿಯುವುದು ಹತ್ತನೇ ಒಂದು ಭಾಗದಷ್ಟು. ಒಣಗಿದ ಬೋಲ್ಟ್‌ಗೆ 137 ಬರಲು ಸುಮಾರು 550 ನ್ಯೂಟನ್ ಮೀಟರ್ ಬೇಕಾದರೆ, ಚೆನ್ನಾಗಿ ಗ್ರೀಸ್ ಹಚ್ಚಿದ್ದಕ್ಕೆ 330 ಸಾಕಾಗಬಹುದು. ಗ್ರೀಸ್ ಹಚ್ಚಿದ್ದಕ್ಕೆ 550 ಕೊಟ್ಟರೆ ಬೋಲ್ಟ್ ತುಂಡಾಗುತ್ತದೆ. ಮಳೆಯಲ್ಲಿ ನೆನೆದು ತುಕ್ಕು ಹಿಡಿದದ್ದಕ್ಕೆ ಅದೇ 550ರಲ್ಲಿ ಬೇಕಾದ ಎಳೆತ ಬರುವುದೇ ಇಲ್ಲ, ರೆಂಚ್ ಮಾತ್ರ "ಟಕ್" ಅನ್ನುತ್ತದೆ. ಅದಕ್ಕೇ ಕೆಲಸ ಶುರು ಮಾಡುವ ಮೊದಲು ಅದೇ ಲಾಟ್‌ನ ಮೂರು ಬೋಲ್ಟನ್ನು, ಅದರದೇ ನಟ್ ವಾಷರ್ ಸಮೇತ, ಎಳೆತ ತೋರಿಸುವ ಉಪಕರಣದಲ್ಲಿ ಹಾಕಿ ನೋಡಬೇಕು. ಬೋಲ್ಟ್‌ಗಳನ್ನು ಡಬ್ಬಿಯಲ್ಲಿ, ಮಳೆ ತಾಗದ ಕಡೆ ಇಡಿಸಿ.

ನನಗೆ ಹೆಚ್ಚು ನಂಬಿಕೆ ಇರುವುದು ಸುತ್ತು ಎಣಿಸುವ ವಿಧಾನದ ಮೇಲೆ. ಮೊದಲು ಎಲ್ಲ ಬೋಲ್ಟನ್ನೂ ಪಾನಾದಲ್ಲಿ ಬಿಗಿ ಮಾಡಿ, ಮಧ್ಯದಿಂದ ಹೊರಕ್ಕೆ. ಕೊನೆಯದು ಬಿಗಿಯಾಗುವಾಗ ಮೊದಲನೆಯದು ಸಡಿಲ ಆಗಿರುತ್ತದೆ, ಅದಕ್ಕೆ ಇನ್ನೊಂದು ಸಲ ಸುತ್ತಿ ಬನ್ನಿ. ಆಮೇಲೆ ಮಾರ್ಕರ್ ತಗೊಂಡು ಬೋಲ್ಟ್ ತುದಿ, ನಟ್, ಪ್ಲೇಟ್ ಮೂರರ ಮೇಲೂ ಹಾಯುವ ಒಂದೇ ಗೆರೆ ಎಳೆಯಿರಿ. ಬೋಲ್ಟ್ ತಲೆ ತಿರುಗದಂತೆ ಹಿಡಿದು ನಟ್ ತಿರುಗಿಸಿ. ಅಮೆರಿಕದ ನಿಯಮದಲ್ಲಿ ಬೋಲ್ಟ್ ಉದ್ದ ವ್ಯಾಸದ ನಾಲ್ಕು ಪಟ್ಟಿನ ಒಳಗಿದ್ದರೆ ಮೂರನೇ ಒಂದು ಸುತ್ತು, ಅಂದರೆ ನಟ್‌ನ ಎರಡು ಮುಖದಷ್ಟು. ಎಂಟು ಪಟ್ಟಿನವರೆಗೆ ಅರ್ಧ ಸುತ್ತು. ನಿಮ್ಮ ಡ್ರಾಯಿಂಗ್‌ನಲ್ಲಿ ಯಾವ ಕೋಡ್ ಬರೆದಿದೆಯೋ ಅದರ ಟೇಬಲ್ ಹಿಡಿಯಿರಿ. ಗೆರೆ ಮುರಿದು ನಟ್ ಮೇಲಿನ ತುಂಡು ಎಷ್ಟು ದೂರ ಹೋಗಿದೆ ಅನ್ನುವುದು ಕೆಳಗೆ ನಿಂತರೂ ಕಾಣುತ್ತದೆ, ಯಾರೂ ವಾದ ಮಾಡುವ ಹಾಗಿಲ್ಲ.

ಜೊತೆಗೆ ನೀವೇ ನೋಡಬಹುದಾದ್ದು ಬೋಲ್ಟ್ ತಲೆ. ಅದರ ಮೇಲೆ 8.8 ಅಂತಲೂ ತಯಾರಕರ ಗುರುತೂ ಉಬ್ಬಿರಬೇಕು, ನಟ್ ಮೇಲೆ 8. ಏನೂ ಇಲ್ಲದ ನಟ್ ಬಂದಿದ್ದರೆ ವಾಪಸ್ ಕಳಿಸಿ. ತಿರುಗಿಸುವ ಕಡೆ ಗಡುಸು ವಾಷರ್ ಇರಲಿ, ನಟ್ ಆಚೆ ಕನಿಷ್ಠ ಒಂದು ಥ್ರೆಡ್ ಕಾಣಲಿ. ಬೋಲ್ಟ್ ಬಿಗಿಯಾದ ಮೇಲೂ ಪ್ಲೇಟ್‌ಗಳ ನಡುವೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹೋಗುತ್ತಿದ್ದರೆ ಎಂಜಿನಿಯರ್‌ಗೆ ತೋರಿಸಿ, ಸಂದು ಮುಚ್ಚುವುದಕ್ಕೇ ಬೋಲ್ಟಿನ ಬಿಗಿ ಖರ್ಚಾಗಿರುತ್ತದೆ.

ಕೂಡದ ತೂತಿಗೆ ಗ್ಯಾಸ್ ಕಟರ್ ಹಿಡಿಯಲು ಬಿಡಬೇಡಿ. ಸ್ವಲ್ಪ ತಪ್ಪಿದ್ದರೆ ರೀಮರ್ (ತೂತನ್ನು ಹೆರೆದು ಅಗಲ ಮಾಡುವ ಉಪಕರಣ) ಹಾಕಿ ಸರಿ ಮಾಡಬಹುದು. ಜಾಸ್ತಿ ತಪ್ಪಿದ್ದರೆ ದೊಡ್ಡ ಬೋಲ್ಟ್ ಅಥವಾ ಹೊಸ ಎಂಡ್ ಪ್ಲೇಟ್, ಅದೂ ಎಂಜಿನಿಯರ್ ಹೇಳಿದಂತೆ. ತೂತು ದೊಡ್ಡದಾದರೆ ಪ್ಲೇಟ್ ಅಂಚಿಗೆ ಉಳಿಯುವ ಜಾಗವನ್ನೂ ನೋಡಬೇಕು: 22 ಮಿ.ಮೀ. ತೂತಿನ ಮಧ್ಯದಿಂದ ಮೆಷಿನ್ ಕಟ್ ಅಂಚಿಗೆ 33 ಮಿ.ಮೀ.ಗಿಂತ ಕಡಿಮೆ ಇರಕೂಡದು, ಕೈಯಲ್ಲಿ ಗ್ಯಾಸ್ ಕಟ್ ಮಾಡಿದ ಅಂಚಾದರೆ 38 ಇರಲಿ.

ಬಿಚ್ಚಿದ ಬೋಲ್ಟ್ ಮತ್ತೆ ಹಾಕುವ ಬಗ್ಗೆ: ಬರೀ ಪಾನಾದಲ್ಲಿ ಬಿಗಿ ಮಾಡಿದ್ದರೆ ಹಾಕಿ, ತೊಂದರೆ ಇಲ್ಲ. ಪೂರ್ತಿ ಎಳೆದು ಬಿಗಿ ಮಾಡಿ ಬಿಚ್ಚಿದ್ದಾದರೆ ಅದರ ಥ್ರೆಡ್ ಹಿಗ್ಗಿರಬಹುದು. ಕಪ್ಪು (ಗ್ಯಾಲ್ವನೈಸ್ ಮಾಡದ) 8.8 ಆಗಿದ್ದು, ನಟ್ ಬರಿಗೈಯಲ್ಲಿ ಥ್ರೆಡ್ ಪೂರ್ತಿ ಓಡಿದರೆ ಎಂಜಿನಿಯರ್ ಒಪ್ಪಿ ಒಮ್ಮೆ ಬಳಸಲು ಬಿಡಬಹುದು. ಗ್ಯಾಲ್ವನೈಸ್ ಆಗಿದ್ದರೆ ಅಥವಾ ಇನ್ನೂ ಗಟ್ಟಿ ಗ್ರೇಡ್ ಆದ 10.9 ಆಗಿದ್ದರೆ ಎಸೆದು ಹೊಸದು ತನ್ನಿ. ನೀವು ಕೊಟ್ಟ ಅಳತೆ ನೋಡಿದರೆ ಒಂದು ಜಾಯಿಂಟ್‌ಗೆ ಎಂಟೇ ಬೋಲ್ಟ್, ಅಲ್ಲಿ ಉಳಿತಾಯ ನೋಡಬೇಡಿ.