ಗಂಬೋದ ರೂ ಒಂದೇ ಸಾಲಿಗೆ ಮುಗಿಯುವುದಿಲ್ಲ

ನಮಸ್ಕಾರ,

ಅಮೆರಿಕದ ಲೂಸಿಯಾನಾ ರಾಜ್ಯದ ಬ್ಯಾಟನ್ ರೂಜ್‌ನಿಂದ ನೀವು ಕಳಿಸಿದ, ಅಲ್ಲಿನ ಸಾರು ಚಿಕನ್-ಸಾಸೇಜ್ ಗಂಬೋದ ಬರಹ ಓದಿದೆ. ಭಾಷೆ ತಿಳಿಯಾಗಿದೆ. ಪಕ್ಕದ ಮನೆಯ ಅಜ್ಜಿ ಒಲೆ ಮುಂದೆ ಕುರ್ಚಿ ಹಾಕಿಕೊಂಡು ಕೂತ ಚಿತ್ರವಂತೂ ಇಷ್ಟವಾಯಿತು.

ಆಮೇಲೆ ಈ ಸಾಲು ಬಂತು: 'ಎಣ್ಣೆಯಲ್ಲಿ ಮೈದಾವನ್ನು ಕಂದು ಬಣ್ಣ ಬರುವವರೆಗೆ ಹುರಿದು, ತರಕಾರಿ ಹಾಕಿ.' ನಿಜಕ್ಕೂ ಸಿಟ್ಟು ಬಂತು. ಅಜ್ಜಿ ಕುರ್ಚಿ ಹಾಕಿಕೊಂಡಿದ್ದು ಈ ಕೆಲಸಕ್ಕೇ ಅಲ್ವಾ? ಎಣ್ಣೆಯಲ್ಲಿ ಹುರಿದ ಈ ಹಿಟ್ಟಿಗೇ ರೂ ಅನ್ನುವುದು. ಗಂಬೋದ ಜೀವವೇ ಈ ರೂ, ಅದನ್ನು ಒಂದು ಸಾಲಿಗೆ ಮುಗಿಸಿದ್ದೀರಿ.

'ಎಣ್ಣೆಯಲ್ಲಿ ಮೈದಾ.' ಎಷ್ಟೆಷ್ಟು? ಒಂದು ಕಪ್‌ಗೆ ಒಂದು ಕಪ್, ಸಮಸಮ ಅಂತ ಬರೆಯಿರಿ. 'ಕಂದು ಬಣ್ಣ.' ಯಾವ ಕಂದು? ಮೊದಲು ಕಡಲೆಕಾಯಿ ಬೀಜದ ಬಣ್ಣ, ಆಮೇಲೆ ತಾಮ್ರ, ಕೊನೆಗೆ ಚಾಕೊಲೇಟ್. ಮಧ್ಯಮ ಉರಿಯಲ್ಲಿ ಅಲ್ಲಿಗೆ ಮುಟ್ಟಲು 30ರಿಂದ 45 ನಿಮಿಷ ಬೇಕು, ಅಷ್ಟು ಹೊತ್ತೂ ಪಾತ್ರೆಯ ತಳ ಕೆರೆಯುತ್ತಲೇ ಇರಬೇಕು, ಕರಿ ಚುಕ್ಕೆ ಕಂಡರೆ ಸೀದಿದೆ ಅಂತಲೇ ಅರ್ಥ, ಚೆಲ್ಲಿ ಹೊಸದಾಗಿ ಶುರು ಮಾಡಬೇಕು. ಇದ್ಯಾವುದೂ ನಿಮ್ಮ ಬರಹದಲ್ಲಿ ಇಲ್ಲ. 'ತರಕಾರಿ ಹಾಕಿ' ಅನ್ನುವುದೂ ಸಾಲದು. ಈರುಳ್ಳಿ, ಸೆಲರಿ, ಹಸಿರು ಕ್ಯಾಪ್ಸಿಕಂ ಬಿದ್ದ ತಕ್ಷಣ ರೂ ತಣ್ಣಗಾಗುತ್ತದೆ, ಬಣ್ಣ ಅಲ್ಲಿಗೆ ನಿಲ್ಲುತ್ತದೆ. ಹಾಗಾಗಿ ಅವನ್ನು ಮೊದಲೇ ಹೆಚ್ಚಿಟ್ಟುಕೊಳ್ಳಬೇಕು. ಇನ್ನೊಂದು ಮಾತು. ರೂ ಕಪ್ಪಾದಷ್ಟೂ ಹಿಟ್ಟಿನ ಪಿಷ್ಟ ಒಡೆದು, ಸಾರನ್ನು ಗಟ್ಟಿ ಮಾಡುವ ಶಕ್ತಿ ಕಮ್ಮಿಯಾಗುತ್ತದೆ. ಇದನ್ನು ಹೇಳದಿದ್ದರೆ ತೆಳ್ಳಗಿನ ಗಂಬೋ ನೋಡಿ ಓದುಗರು ಕೆಟ್ಟಿತು ಅಂದುಕೊಳ್ಳುತ್ತಾರೆ.

ನಾನು ಕೆಲಸ ಕಲಿತದ್ದು ಒಂದು ವಾರಪತ್ರಿಕೆಯ ಅಡುಗೆ ಪುಟದಲ್ಲಿ. ಅಲ್ಲಿನ ಹಿರಿಯ ಸಂಪಾದಕಿ ಬಂದ ಬರಹಗಳನ್ನು ನನ್ನಿಂದ ಜೋರಾಗಿ ಓದಿಸುತ್ತಿದ್ದರು. ಸಾಲು ಸಾಲಿಗೂ ತಡೆದು, 'ಈಗ ಉರಿ ಎಷ್ಟಿದೆ? ವಾಸನೆ ಹೇಗಿದೆ?' ಅಂತ ಕೇಳುತ್ತಿದ್ದರು. ಉತ್ತರ ಬರಹದೊಳಗೆ ಸಿಗದಿದ್ದರೆ ಬರೆದವರಿಗೆ ಆವತ್ತೇ ಕಾಗದ ಹೋಗುತ್ತಿತ್ತು. 'ಒಂದೆಳೆ ಪಾಕ' ಅಂದರೆ ನಮ್ಮ ಓದುಗರ ಬೆರಳಿಗೇ ಗೊತ್ತಾಗುತ್ತದೆ ನೋಡಿ, ರೂ ಅವರಲ್ಲಿ ಜಾಸ್ತಿ ಜನ ಕಂಡೇ ಇಲ್ಲ. ಆ ಸಂಪಾದಕಿ ಇದ್ದಿದ್ದರೆ ನಿಮ್ಮನ್ನು ಇಲ್ಲಿಂದ ಮುಂದೆ ಬಿಡುತ್ತಿರಲಿಲ್ಲ, ನಾನೂ ಬಿಡುವುದಿಲ್ಲ.

ಎರಡನೆಯದು: 'ಫಿಲೆ ಪುಡಿ ಹಾಕಿ ಹತ್ತು ನಿಮಿಷ ಕುದಿಸಿ.' ಇದು ತಪ್ಪು. ಫಿಲೆ ಅಂದರೆ ಸಾಸಫ್ರಾಸ್ ಮರದ ಒಣಗಿಸಿದ ಎಲೆಯ ಪುಡಿ, ಅಲ್ಲಿನ ಮೂಲನಿವಾಸಿಗಳಾದ ಚಾಕ್ಟಾ ಜನರಿಂದ ಬಂದದ್ದು. ಕುದಿಸಿದರೆ ನೂಲುನೂಲಾಗಿ ಲೋಳೆಯಾಗುತ್ತದೆ. ಒಲೆ ಆರಿಸಿದ ಮೇಲೆ ಹಾಕಬೇಕು, ಇಲ್ಲವೇ ಊಟಕ್ಕೆ ಕೂತಾಗ ತಟ್ಟೆಗೆ ಉದುರಿಸಿಕೊಳ್ಳಬೇಕು. ಅಜ್ಜಿ ಕುದಿಸಿರಲಾರರು. ನೀವು ನೋಡದೆ ಸುಮ್ನೆ ಬರೆದಿದ್ದೀರಿ ಅನಿಸುತ್ತದೆ.

ಇನ್ನೊಮ್ಮೆ ಅವರ ಅಡುಗೆಮನೆಗೆ ಹೋಗಿ, ಈ ಸಲ ಸೌಟು ನೀವೇ ಹಿಡಿದುಕೊಳ್ಳಿ. ಉಳಿದ ಭಾಗ ಈಗಿರುವ ಹಾಗೇ ಇರಲಿ. ರೂ ಬಗ್ಗೆ ಒಂದು ಪುಟ ಪೂರ್ತಿ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗ ಇಟ್ಟಿರುತ್ತೇನೆ.