ಗ್ಯಾರೇಜಿನಲ್ಲಿ ಮಾಡಿದ ರೈಫಲ್ಲಿನ ಮೇಲೆ ಯಾರ ಹೆಸರಿರಬೇಕು?

ಎಚ್-1ಬಿ ವೀಸಾದಲ್ಲಿ ಡಲ್ಲಾಸಿಗೆ ಬಂದು ಆರು ತಿಂಗಳಾದ ನೀವು ಎರಡು ವಿಷಯ ಕೇಳಿದ್ದೀರಿ. ಸಹೋದ್ಯೋಗಿಯೊಬ್ಬರು ಗ್ಯಾರೇಜಿನಲ್ಲಿ ಗಿಡ್ಡ ನಳಿಗೆಯ ರೈಫಲ್ ಜೋಡಿಸಿ ಅದರ ಮೇಲೆ ತಮ್ಮ ಹೆಸರನ್ನೂ ಊರನ್ನೂ ಕೆತ್ತಿಸಿದ್ದಾರಲ್ಲ, ಅದು ಕಾನೂನಿನ ಅಗತ್ಯವೋ ಬರೀ ಶೋಕಿಯೋ ಎಂಬುದು ಒಂದು. ಮಡಿಕೇರಿಯಲ್ಲಿ ಕೋವಿ ನೋಡುತ್ತಲೇ ಬೆಳೆದ ನೀವೂ ಅಂಥದೊಂದನ್ನು ಮಾಡಿಕೊಳ್ಳಬಹುದೋ ಎಂಬುದು ಇನ್ನೊಂದು.

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ನಿಮ್ಮಂಥ ತಾತ್ಕಾಲಿಕ ವೀಸಾದವರು ಕೋವಿ ಹೊಂದುವುದನ್ನೇ ಇಲ್ಲಿನ ಫೆಡರಲ್ ಕಾನೂನು ನಿಷೇಧಿಸುತ್ತದೆ. ರಾಜ್ಯದ ಬೇಟೆ ಪರವಾನಗಿ ಇದ್ದವರಿಗೆ ಇರುವಂಥ ಕೆಲವು ವಿನಾಯಿತಿಗಳುಂಟು, ಆದರೆ ವಕೀಲರನ್ನು ಕೇಳದೆ ಅವನ್ನು ನಂಬಿ ಹೆಜ್ಜೆ ಇಡಬೇಡಿ; ತಪ್ಪಿದರೆ ಹೋಗುವುದು ಕೋವಿಯಷ್ಟೇ ಅಲ್ಲ, ಈ ದೇಶದಲ್ಲಿ ನಿಮ್ಮ ನೆಲೆಯೂ ಹೋಗುತ್ತದೆ. ಗ್ರೀನ್ ಕಾರ್ಡ್ ಬಂದ ಮೇಲೆ ಈ ಅಡ್ಡಿ ಇರುವುದಿಲ್ಲ.

ಇನ್ನು ಕೆತ್ತನೆಯ ವಿಷಯ. ಅದು ಶೋಕಿಯಲ್ಲ. ಸ್ವಂತ ಬಳಕೆಗೆಂದು ಸಾಮಾನ್ಯ ರೈಫಲ್ ಮಾಡಿಕೊಂಡವರು ಅದರ ಮೇಲೆ ಗುರುತು ಹಾಕಲೇಬೇಕೆಂದು ಫೆಡರಲ್ ಕಾನೂನು ಹೇಳುವುದಿಲ್ಲ. ಗೊಂದಲ ಹುಟ್ಟುವುದು ಅಲ್ಲಿಂದಲೇ. ಆದರೆ 16 ಇಂಚಿಗಿಂತ ಗಿಡ್ಡ ನಳಿಗೆಯ ರೈಫಲ್, 18 ಇಂಚಿಗಿಂತ ಗಿಡ್ಡ ನಳಿಗೆಯ ಶಾಟ್‌ಗನ್, ಸೈಲೆನ್ಸರ್ ಮುಂತಾದವು 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಕಾಯ್ದೆಗೆ ಒಳಪಡುತ್ತವೆ. ಇವನ್ನು ಮಾಡುವ ಮುಂಚೆಯೇ ಕೋವಿಗಳ ನಿಯಂತ್ರಣ ನೋಡಿಕೊಳ್ಳುವ ಫೆಡರಲ್ ಇಲಾಖೆಯಾದ ಎಟಿಎಫ್‌ಗೆ ಫಾರ್ಮ್ 1 ಎಂಬ ಅರ್ಜಿ ಸಲ್ಲಿಸಿ, ಬೆರಳಚ್ಚು ಮತ್ತು ಭಾವಚಿತ್ರ ಕೊಟ್ಟು, ಒಪ್ಪಿಗೆ ಬರುವವರೆಗೆ ಕಾಯಬೇಕು. ಕಾರ್ಖಾನೆಯ ಹೆಸರಿರುವ ರಿಸೀವರನ್ನೇ (ನಳಿಗೆ ಜೋಡಿಸುವ, ಕೋವಿಯ ಮುಖ್ಯ ಒಡಲು) ಕೊಂಡು ತಂದಿದ್ದರೂ, ಅದಕ್ಕೆ ಗಿಡ್ಡ ನಳಿಗೆ ಜೋಡಿಸಿದವರನ್ನೇ ಕಾನೂನು ತಯಾರಕರೆಂದು ಪರಿಗಣಿಸುವುದರಿಂದ, ಅವರ ಹೆಸರು, ಊರು, ರಾಜ್ಯ ಅದರ ಮೇಲೆ ಬೀಳಲೇಬೇಕು. ಅರ್ಜಿಯನ್ನು ಟ್ರಸ್ಟಿನ ಹೆಸರಲ್ಲಿ ಹಾಕಿದ್ದರೆ ಟ್ರಸ್ಟಿನ ಹೆಸರು ಬರಬೇಕು. ಕ್ರಮಸಂಖ್ಯೆಯ ಅಕ್ಷರಗಳು ಇಂಚಿನ ಹದಿನಾರನೇ ಒಂದು ಭಾಗಕ್ಕಿಂತ ಚಿಕ್ಕದಿರಬಾರದು, ಕೆತ್ತನೆಯ ಆಳ 0.003 ಇಂಚಿಗಿಂತ ಕಡಿಮೆ ಇರಬಾರದು. ಆಳವೆಂದರೆ ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪ.

ಆ ಕೂದಲೆಳೆಯ ಬೆಲೆ ನನಗೆ ಗೊತ್ತಾದದ್ದು ನನ್ನ ರೈಫಲ್ಲಿನಲ್ಲೇ. ಅಂಗಡಿಯವರು ಲೇಸರಿನಿಂದ ಕೆತ್ತಿಕೊಟ್ಟ ಅಕ್ಷರಗಳು ಕಪ್ಪು ಲೇಪದ ಮೇಲೆ ಬೆಳ್ಳಗೆ ಚೆನ್ನಾಗಿಯೇ ಕಾಣುತ್ತಿದ್ದವು, ಆದರೆ ಅದರ ಮೇಲೆ ಉಗುರು ಎಳೆದರೆ ಎಲ್ಲಿಯೂ ತಡೆಯುತ್ತಿರಲಿಲ್ಲ. ಲೇಪ ಮಾತ್ರ ಹೋಗಿತ್ತು, ಲೋಹಕ್ಕೆ ಏಟೇ ಬಿದ್ದಿರಲಿಲ್ಲ. ಆಳವನ್ನು ಅಳೆಯುವುದು ಲೋಹದ ಸಮತಟ್ಟಾದ ಮೇಲ್ಮೈಯಿಂದಲೇ ಹೊರತು ಅಕ್ಷರದ ಅಂಚಿನಲ್ಲಿ ಎದ್ದ ದಿಂಡಿನಿಂದಲ್ಲ. ಬೇರೆ ಕಡೆ ಮತ್ತೆ ದುಡ್ಡು ಕೊಟ್ಟು ಅದೇ ಅಕ್ಷರಗಳನ್ನು ಆಳಕ್ಕೆ ಇಳಿಸಿಸಿದೆ.

ಸೈಲೆನ್ಸರಿಗೂ ಗಿಡ್ಡ ರೈಫಲ್ಲಿಗೂ ಇದ್ದ 200 ಡಾಲರ್ ತೆರಿಗೆ 2026ರ ಜನವರಿ 1ರಿಂದ ಸೊನ್ನೆಯಾಗಿದೆ. ಹಾಗಾಗಿ ಕೆತ್ತನೆಯೂ ಬೇಡವೆಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. ಅದು ತಪ್ಪು: ಹೋದದ್ದು ತೆರಿಗೆ ಮಾತ್ರ, ಒಪ್ಪಿಗೆಯೂ ಗುರುತೂ ಹಾಗೆಯೇ ಇವೆ. ಈ ಕಾಯ್ದೆಯನ್ನು ಮುರಿದವರಿಗೆ ಹತ್ತು ವರ್ಷದವರೆಗೆ ಸೆರೆವಾಸ ಆಗಬಹುದು.

ಊರಿನ ಕೋವಿಯನ್ನು ಇದಕ್ಕೆ ಹೋಲಿಸಬೇಡಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರ ಅಕ್ಟೋಬರ್‌ವರೆಗೆ ಇರುವ ವಿನಾಯಿತಿ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವುದಕ್ಕೆ, ಮನೆಯಲ್ಲಿ ತಯಾರಿಸುವುದಕ್ಕಲ್ಲ. ಗುರುತಿನ ಅಕ್ಷರ, ಸಂಖ್ಯೆಗಳನ್ನು ಅಳಿಸುವುದು 1959ರ ನಮ್ಮ ಶಸ್ತ್ರಾಸ್ತ್ರ ಕಾಯ್ದೆಯಲ್ಲೂ ಅಪರಾಧವೇ.

ಮುಂದೆ ಕೆಲಸ ಬದಲಿಸಿ ಕ್ಯಾಲಿಫೋರ್ನಿಯಾಕ್ಕೆ ಹೋದರೆ ಟೆಕ್ಸಾಸಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಸಾಮಾನ್ಯ ಕೋವಿಯನ್ನು ಮಾಡುವುದಕ್ಕೂ ಮೊದಲೇ ರಾಜ್ಯದ ನ್ಯಾಯ ಇಲಾಖೆಯಿಂದ ಕ್ರಮಸಂಖ್ಯೆ ಪಡೆಯಬೇಕೆಂಬ ನಿಯಮ ಅಲ್ಲಿ 2018ರ ಜುಲೈ 1ರಿಂದ ಜಾರಿಯಲ್ಲಿದೆ. ನಿಮ್ಮ ಸಹೋದ್ಯೋಗಿಯ ಬಳಿ ಇರುವಂಥ ಗಿಡ್ಡ ರೈಫಲ್ಲಿಗಂತೂ ಸಾಮಾನ್ಯ ನಾಗರಿಕರಿಗೆ ಅಲ್ಲಿ ಅವಕಾಶವೇ ಇಲ್ಲ.