ನಿಮ್ಮ ಸ್ಕೇಟ್‌ಬೋರ್ಡ್ ಚಾರ್ಜರ್ ಲೇಖನ: ಈಗಲೇ ಏಕೆ ಪ್ರಕಟಿಸುತ್ತಿಲ್ಲ

ನಮಸ್ಕಾರ,

ಎಲೆಕ್ಟ್ರಿಕ್ ಸ್ಕೇಟ್‌ಬೋರ್ಡ್‌ಗೆ ಮನೆಯಲ್ಲೇ ಚಾರ್ಜರ್ ಕಟ್ಟುವ ಬಗ್ಗೆ ನೀವು ಕಳಿಸಿದ ಲೇಖನವನ್ನು ಪೂರ್ತಿ ಓದಿದೆವು. ಮೇನ್ಸನ್ನು 48 ವೋಲ್ಟ್ ಡಿಸಿ ಮಾಡುವ ಎಸ್‌ಎಂಪಿಎಸ್, ಅದರ ಮುಂದೆ ವೋಲ್ಟೇಜ್ ಇಳಿಸುವ ಒಂದು ಬಕ್ ಮಾಡ್ಯೂಲ್, ಅಲ್ಲಿಂದ 10ಎಸ್2ಪಿ (ಸರಣಿಯಲ್ಲಿ ಹತ್ತು, ಸಮಾಂತರವಾಗಿ ಎರಡು ಸೆಲ್) ಬ್ಯಾಟರಿ ಪ್ಯಾಕ್‌ಗೆ 42 ವೋಲ್ಟ್. ಕೆಲಸ ಮಾಡುವ ವಿನ್ಯಾಸವೇ. ಆದರೂ ಈಗಿನ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಮೀಟರಿನಲ್ಲಿ 42 ಕಂಡ ಕೂಡಲೇ ನಿಮ್ಮ ಲೇಖನ ಮುಗಿದುಹೋಗುತ್ತದೆ. ಓದುಗರು ಇದನ್ನು ಕಟ್ಟಿ ವರ್ಷಗಟ್ಟಲೆ ಬಳಸುತ್ತಾರೆ, ಅಷ್ಟರಲ್ಲಿ ಒಂದಲ್ಲ ಒಂದು ಭಾಗ ಕೈಕೊಡಬಹುದು. ಕೈಕೊಟ್ಟ ದಿನ ಏನಾಗುತ್ತದೆ ಎಂಬುದು ಇಡೀ ಬರಹದಲ್ಲಿ ಎಲ್ಲೂ ಬಂದಿಲ್ಲ.

ಮೊದಲು ಪ್ಯಾಕ್ ಯಾವುದೆಂದು ಖಚಿತಪಡಿಸಿ. ಶುರುವಿನಲ್ಲಿ '36 ವೋಲ್ಟ್ ಬ್ಯಾಟರಿ' ಎಂದಷ್ಟೇ ಬರೆದಿದ್ದೀರಿ. ಹತ್ತು ಲಿಥಿಯಂ ಅಯಾನ್ ಸೆಲ್‌ಗಳ ಸರಣಿ ಪೂರ್ತಿ ತುಂಬಿದಾಗ 42 ವೋಲ್ಟ್, ಸೆಲ್‌ಗೆ 4.2. ಹನ್ನೆರಡು ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ಗಳ ಸರಣಿಯ ಹೆಸರಿಗಿರುವ ವೋಲ್ಟೇಜ್ 38.4, ತುಂಬಿದಾಗ 43.8. ಎರಡನ್ನೂ ಜನ ಸುಮಾರಾಗಿ '36 ವೋಲ್ಟ್' ಸಾಲಿಗೇ ಸೇರಿಸುತ್ತಾರೆ. 43.8ಕ್ಕೆ ಹೊಂದಿಸಿದ ಚಾರ್ಜರನ್ನು ಮೊದಲನೆಯದಕ್ಕೆ ಚುಚ್ಚಿದರೆ ಸೆಲ್‌ಗೆ 4.38 ವೋಲ್ಟ್ ಬೀಳುತ್ತದೆ. ಸೆಲ್ ಯಾವ ಜಾತಿ, ಸರಣಿಯಲ್ಲಿ ಎಷ್ಟು, ಸಮಾಂತರವಾಗಿ ಎಷ್ಟು ಎಂಬ ಮೂರನ್ನೂ ಲೇಖನದ ಮೊದಲ ಪ್ಯಾರಾದಲ್ಲೇ ಹೇಳಿ.

ಎರಡನೆಯದು, ಹೊಂದಿಸುವ ಕ್ರಮ ತಲೆಕೆಳಗಾಗಿದೆ. ಪ್ಯಾಕ್ ಜೋಡಿಸಿ ಆಮೇಲೆ ಪ್ರಿಸೆಟ್ (ಮಾಡ್ಯೂಲಿನ ಹೊಂದಾಣಿಕೆ ಸ್ಕ್ರೂ) ತಿರುಗಿಸಿ ಎನ್ನುತ್ತೀರಿ. ಜೋಡಿಸಿದ ಪ್ಯಾಕ್ ವೋಲ್ಟೇಜನ್ನು ತನ್ನ ಮಟ್ಟಕ್ಕೇ ಹಿಡಿದಿಟ್ಟುಕೊಳ್ಳುತ್ತದೆ, ಮೀಟರ್ ತೋರಿಸುವುದು ಮಾಡ್ಯೂಲಿನ ಸೆಟ್ಟಿಂಗನ್ನಲ್ಲ. ಪ್ಯಾಕ್ ಇಲ್ಲದೆ ವೋಲ್ಟೇಜ್ ಹೊಂದಿಸಬೇಕು. ಕರೆಂಟ್ ಪ್ರಿಸೆಟನ್ನು ಪೂರ್ತಿ ಕಡಿಮೆಗೆ ತಿರುಗಿಸಿಡಬೇಕು. ಆಮೇಲೆ 36–37 ವೋಲ್ಟ್‌ಗೆ ಇಳಿದಿರುವ ಪ್ಯಾಕನ್ನು ಆಮ್‌ಮೀಟರ್ ಮೂಲಕ ಜೋಡಿಸಿ, ಕರೆಂಟನ್ನು ನಿಧಾನವಾಗಿ 2 ಆಂಪಿಯರ್‌ಗೆ ಏರಿಸಬೇಕು. ಅಗ್ಗದ ಮೀಟರಿನಲ್ಲಿ ಅರ್ಧ ಶೇಕಡಾ ತಪ್ಪೆಂದರೂ 42 ವೋಲ್ಟ್‌ಗೆ 0.2 ವೋಲ್ಟ್ ಆಯಿತು. ಅದಕ್ಕೇ 41.5ಕ್ಕೆ ನಿಲ್ಲಿಸಲು ಹೇಳಿ. ಸ್ವಲ್ಪ ದೂರ ಕಡಿಮೆ ಓಡಬಹುದು, ಸೆಲ್ ಹೆಚ್ಚು ಬಾಳುತ್ತದೆ. ಇದಕ್ಕೆ ಇನ್ನೊಂದು ಮುಖವೂ ಇದೆ: ಎಷ್ಟೋ ಬಿಎಂಎಸ್‌ಗಳು (ಪ್ಯಾಕಿನೊಳಗಿನ ಕಾವಲು ಸರ್ಕ್ಯೂಟ್) ಸೆಲ್ 4.2ರ ಹತ್ತಿರ ಬಂದ ಮೇಲಷ್ಟೇ ಸಮತೋಲನ, ಅಂದರೆ ಎಲ್ಲ ಸೆಲ್‌ಗಳ ವೋಲ್ಟೇಜ್ ಸಮ ಮಾಡುವುದನ್ನು, ಶುರುಮಾಡುತ್ತವೆ. ಆದ್ದರಿಂದ ಆಗಾಗ ಕಂಪನಿಯ ಚಾರ್ಜರಿನಲ್ಲಿ ಪೂರ್ತಿ ತುಂಬಿಸುವುದನ್ನೂ ಬರೆಯಿರಿ.

ಈಗ ನಮ್ಮನ್ನು ತಡೆದ ಮುಖ್ಯ ವಿಷಯ. ಬಕ್ ಮಾಡ್ಯೂಲಿನ ಮಾಸ್ಫೆಟ್ (ಒಳಗೆ ಸ್ವಿಚ್ಚಿನ ಕೆಲಸ ಮಾಡುವ ಭಾಗ) ಕೆಟ್ಟಾಗ ಬಹಳ ಸಲ ಶಾರ್ಟ್ ಆಗಿಯೇ ಕೆಡುತ್ತದೆ. ಆಗ ಎಸ್‌ಎಂಪಿಎಸ್‌ನ 48 ವೋಲ್ಟ್ ನೇರವಾಗಿ ಪ್ಯಾಕಿನ ಬಾಗಿಲಿಗೆ ಬರುತ್ತದೆ, ಅಂದರೆ ಸೆಲ್‌ಗೆ 4.8. ಕರೆಂಟ್ ಮಿತಿಯೂ ಅದರ ಜೊತೆಗೇ ಹೋಯಿತು. ಅಲ್ಲಿಂದ ಮುಂದೆ ಬೆಂಕಿಗೂ ಮನೆಗೂ ನಡುವೆ ಇರುವುದು ಬಿಎಂಎಸ್ ಒಂದೇ. 'ಉಳಿದದ್ದನ್ನು ಬಿಎಂಎಸ್ ನೋಡಿಕೊಳ್ಳುತ್ತದೆ' ಎಂಬ ನಿಮ್ಮ ವಾಕ್ಯವನ್ನು ದಯವಿಟ್ಟು ತೆಗೆಯಿರಿ. ಸೆಲ್ 4.25ರ ಆಸುಪಾಸು ದಾಟಿದಾಗ ಕತ್ತರಿಸುವ ಬಿಎಂಎಸ್ ಕೊನೆಯ ತಡೆ, ದಿನನಿತ್ಯ ಚಾರ್ಜ್ ನಿಲ್ಲಿಸುವ ಸಾಧನವಲ್ಲ. ಅಪಾಯ ತಗ್ಗಿಸಲು ಒಂದು ಸುಲಭ ದಾರಿ ಇದೆ: ಎಸ್‌ಎಂಪಿಎಸ್‌ನ ಪ್ರಿಸೆಟ್ ತಿರುಗಿಸಿ 48ನ್ನು 45ಕ್ಕೆ ಇಳಿಸಿ. ಮಾಡ್ಯೂಲಿಗೆ ಬೇಕಾದ ಅಂತರ ಸಾಮಾನ್ಯವಾಗಿ ಅಷ್ಟರಲ್ಲೇ ಸಿಗುತ್ತದೆ, ಕೆಟ್ಟ ದಿನದ ಹಾನಿಯೂ ಕಡಿಮೆ.

ಇದಕ್ಕಿಂತ ಒಳ್ಳೆಯದು ಮಾಡ್ಯೂಲನ್ನೇ ಬಿಡುವುದು. ಸ್ಥಿರ ಕರೆಂಟ್, ಸ್ಥಿರ ವೋಲ್ಟೇಜ್ ಎರಡನ್ನೂ ಕೊಡುವ ಎಲ್‌ಇಡಿ ಡ್ರೈವರ್‌ಗಳಿವೆ. ಮೀನ್ ವೆಲ್‌ನ ಎಚ್‌ಎಲ್‌ಜಿ-185ಎಚ್-42ಎ ಅಂಥದ್ದು: 42 ವೋಲ್ಟ್, 4.4 ಆಂಪಿಯರ್, 'ಎ' ಮಾದರಿಯಲ್ಲಿ ಎರಡನ್ನೂ ಸ್ಕ್ರೂ ತಿರುಗಿಸಿ ಹೊಂದಿಸಬಹುದು. ನಮ್ಮ ಅಭಿಪ್ರಾಯದಲ್ಲಿ ನಿಮ್ಮ ಲೇಖನದ ಮುಖ್ಯ ವಿನ್ಯಾಸ ಇದೇ ಆಗಬೇಕು. ಇದು ತಾನಾಗಿ ನಿಲ್ಲುವುದಿಲ್ಲ ಎಂಬುದನ್ನೂ ಹೇಳಿ. ಪ್ಯಾಕ್ ತುಂಬಿದ ಮೇಲೂ ಅದೇ ವೋಲ್ಟೇಜ್ ಹಿಡಿದಿರುತ್ತದೆ, ರಾತ್ರಿಯಿಡೀ ಹಾಗೆ ಬಿಟ್ಟರೆ ಸೆಲ್ ಸವೆಯುತ್ತದೆ. ಗೋಡೆಯ ಪ್ಲಗ್ಗಿಗೆ ನಾಲ್ಕು ಗಂಟೆಯ ಟೈಮರ್ ಹಾಕಲಿ, ಚಾರ್ಜ್ ಆಗುವಾಗ ಮನೆಯಲ್ಲಿ ಎಚ್ಚರವಾಗಿರಲಿ.

ಮಾಡ್ಯೂಲ್ ಬೇಡ, ಎಸ್‌ಎಂಪಿಎಸ್ ಒಂದೇ ಸಾಕು ಎಂಬ ಬದಲಿ ಸಲಹೆಯನ್ನೂ ಕೊಟ್ಟಿದ್ದೀರಿ. ಅದು ಬೇಡವೇ ಬೇಡ. ಮೀನ್ ವೆಲ್‌ನ ಎಲ್‌ಆರ್‌ಎಸ್-350 ಥರದ ಎಸ್‌ಎಂಪಿಎಸ್‌ಗಳು ಮಿತಿ ಮೀರಿದಾಗ ಕರೆಂಟನ್ನು ಹಿಡಿದು ನಿಲ್ಲಿಸುವುದಿಲ್ಲ; ಮಾದರಿಗೆ ತಕ್ಕಂತೆ ಆರಿ ಮತ್ತೆ ಹೊತ್ತಿ ಮತ್ತೆ ಆರುತ್ತಿರುತ್ತವೆ, ಇಲ್ಲವೇ ಪೂರ್ತಿ ಆರಿಬಿಡುತ್ತವೆ. ಖಾಲಿ ಪ್ಯಾಕಿಗೆ ಜೋಡಿಸಿದವರಿಗೆ ಮೊದಲು ಕಾಣುವುದೇ ಇದು.

ಡಯೋಡ್ ವಿಷಯದಲ್ಲಿ ನೀವು ಅರ್ಧ ಸರಿ. ಮೇನ್ಸ್ ಹೋದಾಗ ಪ್ಯಾಕಿನಿಂದ ಮಾಡ್ಯೂಲಿಗೆ ಕರೆಂಟ್ ಹಿಂದಕ್ಕೆ ಹರಿಯದಂತೆ ಷಾಟ್ಕಿ ಡಯೋಡ್ (ನಷ್ಟ ಕಡಿಮೆ ಇರುವ ಬಗೆಯ ಡಯೋಡ್) ಬೇಕು, ನಿಜ. ಆದರೆ 'ಡಯೋಡಿನಲ್ಲಿ 0.6 ಹೋಗುತ್ತದೆ, ಆದ್ದರಿಂದ 42.6ಕ್ಕೆ ಇಡಿ' ಎಂದಿದ್ದೀರಿ. 0.6 ಹೋಗುವುದು 2–3 ಆಂಪಿಯರ್ ಹರಿಯುವಾಗ. ಚಾರ್ಜ್ ಕೊನೆಗೆ ಬಂದಂತೆ ಕರೆಂಟ್ ಇಳಿಯುತ್ತದೆ, ಅದರೊಂದಿಗೆ ಡಯೋಡಿನ ನಷ್ಟವೂ ಇಳಿಯುತ್ತದೆ. ಕಡೆಗೆ ಪ್ಯಾಕ್ 42ನ್ನು ದಾಟಿ ಮೇಲೇರುತ್ತದೆ. ಸರಿದೂಗಿಸುವ ಗೋಜಿಗೇ ಹೋಗಬಾರದು. 3 ಆಂಪಿಯರ್‌ನಲ್ಲಿ ಡಯೋಡ್ ಸುಮಾರು 2 ವ್ಯಾಟ್ ಶಾಖ ಬಿಡುತ್ತದೆ, ಹೀಟ್ ಸಿಂಕ್ ಬೇಕು ಎಂಬುದನ್ನೂ ಸೇರಿಸಿ.

'10 ಆಂಪಿಯರ್ ಕೊಟ್ಟರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ' ಎಂಬ ಸಾಲು ಸುಳ್ಳು, ಅಪಾಯಕಾರಿ ಕೂಡ. ನೀವು ಹೆಸರಿಸಿದ ಸ್ಯಾಮ್‌ಸಂಗ್ 30ಕ್ಯೂ ಸೆಲ್‌ನ ಸಾಮಾನ್ಯ ಚಾರ್ಜ್ ಕರೆಂಟ್ 1.5 ಆಂಪಿಯರ್, ಗರಿಷ್ಠ 4. ಎರಡು ಸಮಾಂತರ ಇದ್ದರೆ 3 ಆಂಪಿಯರ್ ಹಿತ, 8 ಮೇಲ್ಮಿತಿ. ಅದಕ್ಕಿಂತ ಮೊದಲೇ 5.5 ಮಿಲಿಮೀಟರ್‌ನ ಡಿಸಿ ಜಾಕ್ ಸೋಲುತ್ತದೆ. ಜಾಕ್ ಬಿಸಿಯಾಗುವುದನ್ನು ಬೇರೆ ಬೇರೆ ಕರೆಂಟಿನಲ್ಲಿ ಅಳೆದು ಪಟ್ಟಿ ಮಾಡಿದ್ದೀರಲ್ಲ, ಇಡೀ ಲೇಖನದಲ್ಲಿ ಅತ್ಯುತ್ತಮ ಭಾಗ ಅದು. ಅದನ್ನು ಕೊನೆಯಲ್ಲಿ ಬಚ್ಚಿಟ್ಟಿದ್ದೀರಿ, ಮುಂದೆ ತನ್ನಿ. ಲೇಖನದ ಉಳಿದ ಭಾಗವೂ ಹಾಗೆಯೇ ಅಳೆದು ಬರೆದದ್ದಾಗಬೇಕು.

ಫ್ಯೂಸ್ ಬಗ್ಗೆ 'ಕಾರಿನ 5 ಆಂಪಿಯರ್ ಫ್ಯೂಸ್' ಎಂದಿದೆ. ಕಾರಿನ ಸಾಮಾನ್ಯ ಬ್ಲೇಡ್ ಫ್ಯೂಸ್ 32 ವೋಲ್ಟ್ ಡಿಸಿಗೆ ಮಾಡಿದ್ದು. 42 ವೋಲ್ಟ್‌ನಲ್ಲಿ ಅದರ ತಂತಿ ಕರಗಿದರೂ ಕಿಡಿ ನಿಲ್ಲದೆ ಹೋಗಬಹುದು. 58 ವೋಲ್ಟ್‌ನ ಬ್ಲೇಡ್ ಫ್ಯೂಸ್ ಬೇಕೆಂದು ಬರೆಯಿರಿ. ಅದು ಇರಬೇಕಾದದ್ದು ಬೋರ್ಡಿನ ಒಳಗೆ, ಪ್ಯಾಕಿನಿಂದ ಚಾರ್ಜ್ ಪೋರ್ಟಿಗೆ ಬರುವ ಧನ ತಂತಿಯಲ್ಲಿ, ಪ್ಯಾಕಿಗೆ ಆದಷ್ಟು ಹತ್ತಿರ. ಪೋರ್ಟಿಗೆ ಕೀಲಿಕೈ ತಾಗಿ ಶಾರ್ಟ್ ಆದರೆ ಕಾಪಾಡುವುದು ಅದೇ.

230 ವೋಲ್ಟ್ ಕಡೆಗೆ ಎರಡು ಸಾಲು ಸಾಲದು. ಎಲ್‌ಆರ್‌ಎಸ್-350ರ ಬದಿಯಲ್ಲಿ 115/230 ಸ್ವಿಚ್ ಇದೆ. 115ರಲ್ಲಿಟ್ಟು ನಮ್ಮ ಮೇನ್ಸಿಗೆ ಕೊಟ್ಟರೆ ಆ ಕ್ಷಣವೇ ಸುಡುತ್ತದೆ. ತೆರೆದ ಟರ್ಮಿನಲ್‌ಗಳಿಗೆ ಮುಚ್ಚಳ, ಮೂರು ಪಿನ್ನಿನ ಪ್ಲಗ್, ಲೋಹದ ಪೆಟ್ಟಿಗೆಗೆ ಅರ್ಥಿಂಗ್, ಎಳೆದರೂ ತಂತಿ ಕಳಚದಂತೆ ಕ್ಲ್ಯಾಂಪ್, ಇವಿಷ್ಟಕ್ಕೂ ಚಿತ್ರ ಬೇಕು. ಸರ್ವರ್‌ನ 12 ವೋಲ್ಟ್ ಸಪ್ಲೈಗಳನ್ನು ಸರಣಿಯಲ್ಲಿ ಜೋಡಿಸಲು ಅರ್ಥ್ ಪಿನ್ ಕತ್ತರಿಸಿ ಎಂದಿರುವ ಭಾಗವನ್ನು ನಾವು ಯಾವ ರೂಪದಲ್ಲೂ ಹಾಕುವುದಿಲ್ಲ.

ಬರವಣಿಗೆಯ ಮಾತು. ವಿದ್ಯುತ್ ವಾಹನಗಳ ಭವಿಷ್ಯದ ಬಗ್ಗೆ ಇರುವ ಮೊದಲ ಮೂರು ಪ್ಯಾರಾ ತೆಗೆಯಿರಿ, ಚಾರ್ಜರ್ ಕಟ್ಟಲು ಕೂತವರಿಗೆ ಅವು ಬೇಡ. 'ಸೂಕ್ತ ದಪ್ಪದ ವೈರ್', 'ಒಳ್ಳೆಯ ಕ್ವಾಲಿಟಿ ಮಾಡ್ಯೂಲ್' ಎಂಬಲ್ಲೆಲ್ಲ ಅಳತೆ, ನಂಬರ್ ಕೊಡಿ. ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ನಿಂತವರು ನಿಮ್ಮ ಲೇಖನ ತೋರಿಸಿ ಸಾಮಾನು ಕೇಳುವಂತಿರಬೇಕು. ನಿಮ್ಮ ಭಾಷೆ ನೇರವಾಗಿದೆ, ವಾಕ್ಯ ಚಿಕ್ಕದಾಗಿದೆ, ಅದನ್ನು ಬದಲಿಸಬೇಡಿ.

ತಿದ್ದಿದ ಪ್ರತಿಯ ಜೊತೆ ಎರಡು ಬೇಕು: ಡಯೋಡ್, ಫ್ಯೂಸ್, ಅರ್ಥ್ ಮೂರೂ ಕಾಣುವ ವೈರಿಂಗ್ ಚಿತ್ರ, ಮತ್ತು ಒಂದು ಪೂರ್ತಿ ಚಾರ್ಜಿನಲ್ಲಿ ಪ್ರತಿ ಹದಿನೈದು ನಿಮಿಷಕ್ಕೊಮ್ಮೆ ಪ್ಯಾಕಿನ ತುದಿಯಲ್ಲೇ ಅಳೆದ ವೋಲ್ಟೇಜ್, ಕರೆಂಟ್. ಕೊನೆಯ ಅಳತೆ ಕರೆಂಟ್ 0.3 ಆಂಪಿಯರ್‌ಗೆ ಇಳಿದಾಗಿನದ್ದಾಗಿರಲಿ.

— ಸಂಪಾದಕರು